ನಾಲ್ಕು ಬೆರಳಕ್ಕನ ನೀಲಿ ಸ್ಕರ್ಟು

ಬೀದಿಯವರೆಲ್ಲ ಅವಳನ್ನು ನಾಲ್ಕು ಬೆರಳಕ್ಕ ಎಂದೇ ಕರೆಯುತ್ತಾರೆ. ಅವಳ ಬೆರಳು ಹತ್ತೂ ನೆಟ್ಟಗಿವೆ. ಹೆಸರು ಬಂದದ್ದು ಹೊಲಿಗೆಯಿಂದ. ಯಾರ ಮಗುವಿನ ಬಟ್ಟೆಯೇ ಇರಲಿ, ಅಂಚಿನ ಮಡಿಕೆಯೊಳಗೆ ನಾಲ್ಕು ಬೆರಳಗಲ ಬಿಟ್ಟೇ ಹೊಲಿಯುವಳು. ಮಗು ಉದ್ದವಾದಂತೆ ಮಡಿಕೆ ಬಿಚ್ಚುತ್ತಾ ಹೋದರೆ ಒಂದೇ ಬಟ್ಟೆ ಮೂರು ವರ್ಷ ಬರುತ್ತದೆ.

"ಇಷ್ಟೊಂದು ಯಾಕಕ್ಕಾ ಒಳಗೆ ಬಿಡ್ತೀರಿ?" ಎಂದರೆ, "ಮಗು ಬೆಳೆಯುತ್ತೆ, ಬಟ್ಟೆ ಬೆಳೆಯುತ್ತೇನಮ್ಮಾ?" ಎನ್ನುವಳು.

ಬೀದಿಗೆ ಬಾಗಿಲಿರುವ ಒಂದೇ ಕೋಣೆ, ಕಾಲಲ್ಲಿ ತುಳಿಯುವ ಮೆಷಿನ್ನು, ಹನ್ನೆರಡು ವರ್ಷದ ದುಡಿಮೆ. ಕತ್ತರಿಸಿ ಉಳಿದ ಚಿಂದಿಯನ್ನೂ ಕಸಕ್ಕೆ ಹಾಕಿದವಳಲ್ಲ, ದಿಂಬಿಗೆ ತುಂಬುತ್ತಾಳೆ. ಮೂರನೇ ತರಗತಿಯ ಮಗಳಿಗೂ ಅದೇ ಅಭ್ಯಾಸ. ಪೆನ್ಸಿಲು ಉಗುರಿನಷ್ಟಾಗುವವರೆಗೆ ಹೊಸದು ಕೇಳುವುದಿಲ್ಲ.

ಅಂಥವಳ ಹೊಟ್ಟೆ ಉರಿಸಿದ್ದು ಮಗಳ ಶಾಲೆ. ಈ ವರ್ಷ ಅದು 'ಹಸಿರು ಶಾಲೆ' ಆಯಿತು. ಆಗಲಿ, ಸಂತೋಷ. ಹಿತ್ತಲಲ್ಲಿ ಗಿಡ ನೆಟ್ಟರೇ? ಇಲ್ಲ. ಹಗಲಿಡೀ ಸೋರುವ ನಲ್ಲಿ ರಿಪೇರಿ ಮಾಡಿಸಿದರೇ? ಅದೂ ಇಲ್ಲ. ಯೂನಿಫಾರ್ಮಿನ ಬಣ್ಣ ಬದಲಾಯಿಸಿದರು! ನೀಲಿ ಸ್ಕರ್ಟು ಬೇಡ, ಕಾರ್ಖಾನೆಯಲ್ಲಿ ಹೊಲಿದ ಹಸಿರು ಸ್ಕರ್ಟನ್ನೇ ಕೊಳ್ಳಬೇಕು. ನಾನೂರು ಮಕ್ಕಳ ಗಟ್ಟಿಮುಟ್ಟಾದ ಬಟ್ಟೆ ಒಂದು ಸುತ್ತೋಲೆಗೆ ನೆಲ ಒರೆಸುವ ಅರಿವೆಯಾಗಿಹೋಯಿತು. ಪಕ್ಕದ ಮನೆ ಹುಡುಗಿಯ ಹಸಿರು ಸ್ಕರ್ಟಿನ ಅಂಚು ಮಗುಚಿ ನೋಡಿದಳು. ಒಳಗೆ ಅರ್ಧ ಬೆರಳೂ ಇಲ್ಲ.

"ಇದು ಬಟ್ಟೆಯಲ್ಲ, ಬರೋ ವರ್ಷದ ಕಸ. ನನ್ನ ಮಗಳು ನೀಲಿಯಲ್ಲೇ ಹೋಗ್ತಾಳೆ."

"ಒಂದು ಸ್ಕರ್ಟು ತಾನೇ, ತಂದು ಬಿಸಾಕೋಣ ಬಿಡೇ," ಎಂದ ಗಂಡ.

"ಅದೇ ಕಣ್ರೀ, ತರೋದೇ ಬಿಸಾಕೋಕೆ!"

ಶಾಲೆಯಲ್ಲಿ ಬೈಸಿಕೊಂಡರೂ ಮಗಳು ನೀಲಿಯಲ್ಲೇ ಹೋದಳು. ಅಷ್ಟರಲ್ಲಿ ಪರಿಸರ ದಿನದ ಭಾಷಣಕ್ಕೆ ಇಡೀ ಶಾಲೆಯಲ್ಲಿ ಅವಳೇ ಆಯ್ಕೆಯಾದಳು. ಮಾತೆಲ್ಲ ಅವಳದೇ, ಮೆಷಿನ್ನಿನ ಪಕ್ಕ ಕೂತು ಬರೆದದ್ದು. ಮೂರೇ ದಿನಕ್ಕೆ ಅಳುತ್ತಾ ಮನೆಗೆ ಬಂದಳು.

"ಹಸಿರು ಸ್ಕರ್ಟಿಲ್ದೆ ಸ್ಟೇಜ್ ಹತ್ತಬಾರದಂತೆ. ಎಲ್ಲಾ ನಿನ್ನಿಂದಾನೇ ಅಮ್ಮಾ!"

ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. ಮರುದಿನ ಮಗಳನ್ನು ಕರೆದುಕೊಂಡು ಹೆಡ್‌ಮೇಡಂ ಕೋಣೆಗೆ ಹೋದಳು.

"ಮೇಡಂ, ಹಳೇದನ್ನ ಎಸೀಬೇಡಿ ಅಂತ ಭಾಷಣ ಮಾಡೋ ಮಗು ಹಳೇದನ್ನ ಎಸೆದು ಬರಬೇಕಾ?"

"ಹಾಗಲ್ಲಮ್ಮಾ. ಫೋಟೋದಲ್ಲಿ ಎಲ್ಲಾ ಒಂದೇ ಬಣ್ಣ ಕಾಣ್ಬೇಕು. ಇವಳ ಸ್ಕರ್ಟಲ್ಲಿ ಹಳೇ ಮಡಿಕೆ ಗೆರೆ ಬೇರೆ ಎದ್ದು ಕಾಣತ್ತೆ." ಮೇಡಂ ನಕ್ಕರು. ಬಾಯಲ್ಲಿ ಬೆಲ್ಲ, ಕರುಳಲ್ಲಿ ಕತ್ತರಿ. "ಒಂದು ಕೆಲಸ ಮಾಡೋಣ. ಇವಳು ಪರದೆ ಹಿಂದೆ ನಿಂತು ಮೈಕಲ್ಲಿ ಮಾತಾಡ್ಲಿ. ಮುಂದೆ ಇನ್ನೊಂದು ಹುಡುಗಿ ಬಾಯಾಡಿಸ್ತಾಳೆ. ಆಗ್ಬಹುದಾ ಪುಟ್ಟಿ?"

ಅಕ್ಕನ ರಕ್ತ ಕುದಿಯಿತು. ಆದರೆ ಮೈಕು ಅಂದ ಕೂಡಲೇ ಮಗಳ ಕಣ್ಣು ಅರಳಿತ್ತು. ಹುಡುಗಿ ಹೂಂ ಎಂದು ತಲೆಯಾಡಿಸಿದಳು. ತಾಯಿ ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡಳು.

ಆ ದಿನ ಸಭಾಂಗಣ ತುಂಬಿತ್ತು. ಅಕ್ಕ ಮೂರನೇ ಸಾಲಿನಲ್ಲಿ ಕೂತಳು. ಹಸಿರು ಸ್ಕರ್ಟಿನ ಹುಡುಗಿಯೊಬ್ಬಳು ವೇದಿಕೆಗೆ ಬಂದು ಬಾಯಿ ತೆರೆದಳು. ಹೊರಟದ್ದು ತನ್ನ ಮಗಳ ದನಿ! "ನಮ್ಮಮ್ಮ ಏನನ್ನೂ ಎಸೆಯುವುದಿಲ್ಲ..." ಎನ್ನುತ್ತಿದ್ದಂತೆ ಚಪ್ಪಾಳೆ ಬಿತ್ತು. ಮುಂದಿನ ಸಾಲಿನ ತಾಯಿಯೊಬ್ಬಳು, "ಎಷ್ಟು ಮುದ್ದಾಗಿ ಹೇಳ್ತಾಳೆ ನೋಡಿ!" ಎಂದು ಆ ಇನ್ನೊಂದು ಹುಡುಗಿಯತ್ತ ಬೆರಳು ತೋರಿಸಿದಳು.

ಅಷ್ಟು ಸಾಕಾಯಿತು. ಎಷ್ಟು ನುಂಗುವುದು! ತನ್ನ ಮಾತನ್ನೂ ಒಪ್ಪಿಸಿ, ತನ್ನ ತಾಯಿಯನ್ನೂ ಬೇರೆಯವಳಿಗೆ ಬಿಟ್ಟುಕೊಟ್ಟು ಕತ್ತಲಲ್ಲಿ ನಿಂತಿದೆಯಲ್ಲ ಮಗು! ಅಕ್ಕ ಎದ್ದವಳೇ ಪಕ್ಕದ ಮೆಟ್ಟಿಲು ಹತ್ತಿದಳು. ಪರದೆ ಹಿಂದೆ ಮಗಳು ಎರಡೂ ಕೈಯಲ್ಲಿ ಮೈಕು ಹಿಡಿದಿದ್ದಳು.

"ಬಾ ಕಂದಾ, ಬೆಳಕಿಗೆ ಬಾ. ಮಾತು ನಿಲ್ಲಿಸ್ಬೇಡ."

ಮಗಳು ವೇದಿಕೆಯ ಪಕ್ಕ ನಿಂತಿದ್ದ ಮೇಡಂ ಕಡೆ ನೋಡಿದಳು, ಆಮೇಲೆ ಅಮ್ಮನ ಕಡೆ. ಪರದೆ ಸರಿಸಿ ಹೊರಗೆ ಹೆಜ್ಜೆಯಿಟ್ಟಳು. ಬಾಯಾಡಿಸುತ್ತಿದ್ದ ಹುಡುಗಿ ಗಾಬರಿಯಿಂದ ಬಾಯಿ ಮುಚ್ಚಿದರೂ ಭಾಷಣ ನಿಲ್ಲಲಿಲ್ಲ. ಸಭೆ ಒಂದು ಗಳಿಗೆ ಮಿಕಮಿಕ ನೋಡಿತು. ಮೊದಲು ನಕ್ಕವರು ಮಕ್ಕಳು, ಮೊದಲು ತಲೆ ತಗ್ಗಿಸಿದವರು ಮೇಷ್ಟ್ರುಗಳು.

"ನೀಲಿ ಪಾಪು, ಸ್ವಲ್ಪ ಪಕ್ಕಕ್ಕೆ ಸರಿಯಮ್ಮಾ!" ಎಂದು ಫೋಟೋದವನು ಕೈಬೀಸಿದ.

"ಅವಳು ಸರಿಯೋದಿಲ್ಲ," ಎಂದಳು ಅಕ್ಕ, ಪರದೆಯ ಪಕ್ಕದಿಂದಲೇ. "ಬೇಕಿದ್ರೆ ನೀನೇ ಸರಿದು ನಿಂತ್ಕೊಂಡು ತೆಗಿಯಪ್ಪಾ."