ಹಿಂದಿರುಗು ಎಂದು ಬರೆದವಳು ನಾನು

ನಾಗೂ, ಆವತ್ತು ತಪ್ಪಿದ್ದು ನಿನ್ನ ಕೈಯಲ್ಲ. ತಪ್ಪು ನನ್ನದು — ನನ್ನದೆಂದು ಗೊತ್ತಿದ್ದೂ ಅದನ್ನು ನಿನ್ನ ತಲೆಗೆ ಕಟ್ಟಿದೆ.

ಅರವತ್ತರ ದಶಕದ ಕೊನೆ. ಮೈಸೂರಿನ ನಮ್ಮ ನೀರಾವರಿ ಕಚೇರಿಗೆ ಕೋಣೆ ತುಂಬುವಂಥ ಕಂಪ್ಯೂಟರ್ ಬಂದಿತ್ತು. ಗಣಿತ ಓದಿದ್ದ ನಾನು ಪ್ರೋಗ್ರಾಮ್ ಬರೆಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಕೂತು ಅಂಕಿಗಳನ್ನು ಯಂತ್ರ ಓದುವ ಕಾರ್ಡುಗಳ ಮೇಲೆ ತೂತುಗಳಾಗಿ ಪಂಚ್ ಮಾಡುತ್ತಿದ್ದವಳು ನೀನು — ಕೆಲಸ ಇನ್ನೂ ಕಾಯಂ ಆಗಿರಲಿಲ್ಲ, ನನ್ನನ್ನು ಅಕ್ಕಾ ಎನ್ನುತ್ತಿದ್ದೆ.

ಆ ಯಂತ್ರದ ಒಂದು ಗುಣವನ್ನು ನಿನಗೆ ಯಾರೂ ಹೇಳಿರಲಾರರು. ಉತ್ತರವು ಅದಕ್ಕಿಟ್ಟ ಜಾಗಕ್ಕಿಂತ ದೊಡ್ಡದಾದರೆ ಅದು ಕೈಲಿದ್ದ ಕೆಲಸ ಬಿಡುತ್ತಿತ್ತು. ಎಲ್ಲಿ ಬಿಟ್ಟೆನೆಂದು ಗುರುತಿಟ್ಟುಕೊಂಡು, ನಾವು ಮೊದಲೇ ತೋರಿಸಿಟ್ಟ ಜಾಗಕ್ಕೆ ಹಾರುತ್ತಿತ್ತು. ಟ್ರ್ಯಾಪ್ ಎನ್ನುತ್ತಿದ್ದೆವು. ಮುಂದೇನು ಮಾಡಬೇಕೆಂದು ಅಲ್ಲಿ ನಾವು ಬರೆದಿರಬೇಕು. ‘ಎಚ್ಚರಿಕೆ ಮುದ್ರಿಸಿ ನಿಲ್ಲು’ ಎಂದು ನಾನೇ ಬರೆದಿದ್ದೆ.

ಒಂದು ಕೆರೆಯಲ್ಲಿ ಎಷ್ಟು ನೀರಿದ್ದರೆ ಅದರ ತೂಬಿನಲ್ಲಿ ಎಷ್ಟು ಹರಿದೀತೆಂಬ ಪಟ್ಟಿ ಮಾಡುವ ದಿನ ಯಂತ್ರ ಮೂರು ಸಲ ನಿಂತಿತು. ಮಧ್ಯಾಹ್ನದೊಳಗೆ ಪಟ್ಟಿ ಬೇಕೆಂದು ಮುಖ್ಯಸ್ಥರು ಹೇಳಿಕಳಿಸಿದ್ದರು. ಯಾಕೆ ನಿಲ್ಲುತ್ತಿದೆಯೆಂದು ನಾನು ಹುಡುಕಲಿಲ್ಲ. ಆ ಆದೇಶ ತೆಗೆದು, ‘ಬಂದಲ್ಲಿಗೇ ಹಿಂದಿರುಗು’ ಎಂದಷ್ಟೇ ಬರೆದೆ. ಪಟ್ಟಿ ಸರಾಗವಾಗಿ ಅಚ್ಚಾಯಿತು. ಈಗ ಯಾಕಕ್ಕ ನಿಲ್ತಾನೇ ಇಲ್ಲ ಎಂದು ನೀನು ಕೇಳಿದೆ. ಸರಿಹೋಯಿತು ಎಂದೆ.

ಎರಡು ವಾರದ ಮೇಲೆ, ಪಟ್ಟಿ ಕೇಳಿದ್ದ ಎಂಜಿನಿಯರು ಅದನ್ನು ಹಿಡಿದು ಬಂದರು. ಅದರ ಪ್ರಕಾರ ತುಂಬಿದ ಕೆರೆಗಿಂತ ಅರ್ಧ ಕೆರೆಯಲ್ಲೇ ಹೆಚ್ಚು ನೀರು ಹರಿಯುತ್ತಿತ್ತು! ಹಾಳೆ ನೋಡಿದ ಕ್ಷಣವೇ ನನಗೆ ತಿಳಿಯಿತು. ಜಾಗ ಸಾಲದೆ ದೊಡ್ಡ ಉತ್ತರಗಳ ಮೊದಲ ಅಂಕಿಯೇ ಬಿದ್ದುಹೋಗಿತ್ತು. ಯಂತ್ರ ಪ್ರತಿ ಸಲವೂ ಕೆಲಸ ಬಿಟ್ಟು ಹೇಳಲು ಬಂದಿತ್ತು, ನಾನು ಪ್ರತಿ ಸಲವೂ ಹಿಂದಕ್ಕೆ ಕಳಿಸಿದ್ದೆ.

“ಪ್ರೋಗ್ರಾಮ್ ಸರಿ ಇದೆಯೇನ್ರೀ?” ಎಂದರು ಮುಖ್ಯಸ್ಥರು.

“ಸರಿ ಇದೆ ಸಾರ್. ಕಾರ್ಡಿನಲ್ಲೇ ಏನೋ ಆಗಿರಬೇಕು.”

ಹಳೆಯ ಕಾರ್ಡುಗಳನ್ನು ಆಗಲೇ ಎಸೆದಿದ್ದರು — ನೋಡಲು ಏನೂ ಉಳಿದಿರಲಿಲ್ಲ. ಬೈದು ಬಿಡುತ್ತಾರೆ ಅಂದುಕೊಂಡಿದ್ದೆ, ನಿಜವಾಗಿಯೂ... ಊಟ ಮುಗಿಸಿ ಬರುವಷ್ಟರಲ್ಲಿ ನಿನ್ನನ್ನು ಕೆಲಸದಿಂದ ತೆಗೆದಿದ್ದರು, ನಿನ್ನ ಕುರ್ಚಿ ಖಾಲಿ. ಆ ಕುರ್ಚಿ ನೋಡುತ್ತಾ ನಿಂತೆ. ಮುಖ್ಯಸ್ಥರ ಕೋಣೆ ಹತ್ತೇ ಹೆಜ್ಜೆ ದೂರವಿತ್ತು. ಹೋಗಲಿಲ್ಲ.

ಇಷ್ಟು ವರ್ಷದ ಮೇಲೆ, ಹೋದ ವಾರ, ಸರಸ್ವತಿಪುರಂ ಬಸ್ ಸ್ಟಾಪಿನಲ್ಲಿ ನೀನು ಸಿಕ್ಕೆ. ನಿನಗೆ ನನ್ನ ಮೇಲೆ ಅನುಮಾನವಿದ್ದೀತು, ಸಿಟ್ಟಿದ್ದೀತು ಎಂದುಕೊಂಡೆ. ನೀನೋ ನನ್ನ ಕೈ ಹಿಡಿದುಕೊಂಡೆ.

“ಆವತ್ತು ನನ್ನಿಂದ ನಿಮಗೂ ಕೆಟ್ಟ ಹೆಸರು ಬಂತು ಕಣಕ್ಕ. ಈಗಲೂ ಅಂಕಿ ಬರೀಬೇಕಂದ್ರೆ ಭಯ. ಮಕ್ಕಳ ಸ್ಕೂಲ್ ಅರ್ಜಿನೂ ಪಕ್ಕದ ಮನೆಯವರ ಕೈಲೇ ತುಂಬಿಸ್ಬುಟ್ಟೆ.”

ಇಷ್ಟು ವರ್ಷ — ನೀನು ಅದನ್ನು ನಂಬಿಕೊಂಡೇ ಬದುಕಿದ್ದೆ! ಆಗಲೂ ನಾನು ಬಾಯಿ ಬಿಡಲಿಲ್ಲ. ಬಸ್ಸು ಬಂತು, ಹತ್ತಿಬಿಟ್ಟೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ನಿನ್ನ ಮನೆ ಹುಡುಕಿಕೊಂಡು ಬಂದು, ನಿನ್ನವರೆಲ್ಲರೆದುರು ನಾನೇ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿಸಿಕೊಂಡ ಮೇಲೆ ಎದ್ದು ಹೋಗು ಎಂದರೆ, ಹೋಗುತ್ತೇನೆ.