ಫೋನಿನಲ್ಲಿ ಮಾತಾಡಿದ ಸೊಸೆ

ಇದನ್ನು ಬರೆಯಲೆಂದು ಕೂತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಒಮ್ಮೆ ಕನ್ನಡಕದ ಸ್ಕ್ರೂ ಸಡಿಲವಾಗಿದೆ ಎಂದು ಬಜಾರಿಗೆ ನಡೆದೆ. ರಿಪೇರಿಯವನು ತಿರುಗಿಸಿ ನೋಡಿ, ಸರಿಯಾಗೇ ಇದೆ ಎಂದು ವಾಪಸು ಕೊಟ್ಟ. ಇನ್ನೊಮ್ಮೆ ಮೊಮ್ಮಗಳಿಗೆ ಲೆಕ್ಕ ಹೇಳಿಕೊಡುವ ನೆಪ ಸಿಕ್ಕಿತು. ಹೀಗೇ ವರ್ಷಗಳು ಹೋದವು. ಈಗ ಆ ವಿಷಯ ಬಲ್ಲವರು ಕಡಿಮೆಯಾಗುತ್ತಿದ್ದಾರೆ, ನನಗೂ ವಯಸ್ಸಾಯಿತು. ಇನ್ನು ತಡಮಾಡಬಾರದು.

ನಾನು ಹುಟ್ಟಿದ್ದು ಮಡಕಶಿರದ ಆಚೆ, ರೊಳ್ಳದ ಕಡೆಯ ಒಂದು ಹಳ್ಳಿಯಲ್ಲಿ. ಹತ್ತನೆಯ ತರಗತಿ ಮುಗಿಸಿ, ಮದುವೆಯಾಗಿ, ಹೆಂಡತಿಯ ಊರಾದ ರಾಯದುರ್ಗಕ್ಕೆ ಬಂದೆ. ಮೊದಲು ದರ್ಜಿಯಾಗಿದ್ದೆ, ಆಮೇಲೆ ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ಮೇಸ್ತ್ರಿಯಾದೆ. ನನ್ನ ಅಕ್ಕ ಊರಲ್ಲೇ ಉಳಿದಳು. ಅವಳದು ಕುರಿ ಸಾಕುವ ಮನೆ. ವಯಸ್ಸಾಗುತ್ತಾ ಅವಳ ಎರಡು ಕಣ್ಣೂ ಹೋದವು. ಹೆಜ್ಜೆ ಸದ್ದಿನಿಂದ ಕುರಿಯನ್ನೂ ದನಿಯಿಂದ ಮನುಷ್ಯರನ್ನೂ ಗುರುತು ಹಿಡಿಯುತ್ತಿದ್ದಳು. ಅವಳ ಮಗ, ಅಂದರೆ ನನ್ನ ಅಳಿಯ, ವರ್ಷದ ಬಹುಪಾಲು ಕುರಿ ಹೊಡೆದುಕೊಂಡು ದೂರದ ಹೊಲಗಳಲ್ಲಿರುತ್ತಿದ್ದ. ಮನೆಯಲ್ಲಿ ಅಕ್ಕ ಮತ್ತು ಅವಳ ಸೊಸೆ ಇಬ್ಬರೇ. ಸೊಸೆ ಕಲಸಿ ಕೈಗಿಟ್ಟರೆ ಅಕ್ಕ ಉಣ್ಣುತ್ತಿದ್ದಳು.

ತೆಲುಗು ಸೀಮೆಗೆ ಸೇರಿದ ನಮ್ಮ ಕಡೆ ತಾಲೂಕು ಪಂಚಾಯಿತಿಯಂತಿರುವ ಮಂಡಲ ಪರಿಷತ್ತಿನ ಚುನಾವಣೆ ಬಂತು. ಅವರ ಊರಿನ ಸೀಟು ಹೆಂಗಸರಿಗೆ ಮೀಸಲಾಗಿತ್ತು. ಯಾರ ತಂಟೆಗೂ ಹೋಗದವಳು ಎಂಬ ಕಾರಣಕ್ಕೆ ಊರವರು ಸೊಸೆಯನ್ನು ಪಕ್ಷವಿಲ್ಲದೆ ನಿಲ್ಲಿಸಿದರು. ಗೆದ್ದಳು. ಫಲಿತಾಂಶ ನೋಡಿದರೆ ಯಾರಿಗೂ ಬಹುಮತವಿಲ್ಲ. ಒಂದು ಕಡೆ ಒಂದು ಪಕ್ಷ, ಇನ್ನೊಂದು ಕಡೆ ಎರಡು ಪಕ್ಷ ಸೇರಿದ ಕೂಟ, ಎರಡೂ ಕಡೆ ಸರಿಸಮ. ನಡುವೆ ಅವಳೊಬ್ಬಳು. ಮಂಡಲ ಅಧ್ಯಕ್ಷರ ಆಯ್ಕೆ ಕೈ ಎತ್ತಿ ಆಗುವಂಥದ್ದು. ಅವಳ ಕೈ ಎತ್ತ ಎದ್ದರೆ ಅಧಿಕಾರ ಅತ್ತ.

ನಮ್ಮ ಮಾಲೀಕರು ಎರಡು ಪಕ್ಷದ ಕೂಟದವರಿಗೆ ಬೇಕಾದವರು. ಅವರು ನನ್ನನ್ನು ಕರೆದು, "ಮೇಸ್ತ್ರಿ, ಆಕಿ ನಿಮ್ಮ ಅಕ್ಕನ ಸೊಸಿ ಅಂತಲ್ರಿ. ನೀವು ಕರದ್ರ ಬರ್ತಾಳ" ಎಂದರು. ಅವರು ಹಾಗೆ ಕೇಳಿದ್ದು ನನಗೆ ದೊಡ್ಡ ಮರ್ಯಾದೆ ಎನಿಸಿತು. ಹೋಗಿ ಕರೆದೆ. "ರಾಯದುರ್ಗ ನೋಡಿದಂಗಾಗುತ್ತೆ ಬಾರಮ್ಮ" ಎಂದೆ. ಮಾವ ಕರೆದ ಎಂದು ಅವಳು ಬಂದಳು. ಆಯ್ಕೆಯ ದಿನದವರೆಗೆ ಸದಸ್ಯರನ್ನು ಎಲ್ಲಾದರೂ ಬಚ್ಚಿಡುವುದಕ್ಕೆ ನಮ್ಮ ಕಡೆ ಕ್ಯಾಂಪು ಎನ್ನುತ್ತಾರೆ. ಉಳಿದ ಸದಸ್ಯರನ್ನು ಬೇರೆಲ್ಲೋ ಲಾಡ್ಜಿನಲ್ಲಿ ಇಟ್ಟಿದ್ದರು. ಇವಳನ್ನು ಮಾತ್ರ, ಯಾರಿಗೂ ಸುಳಿವು ಸಿಗಬಾರದೆಂದು, ನಮ್ಮ ಘಟಕದಲ್ಲೇ ಇಟ್ಟರು. ಕೆಲಸಗಾರರಿಗೆ ರಜೆ ಕೊಟ್ಟರು. ಅವಳ ಫೋನು ಕಸಿದುಕೊಂಡರು. ಕಸಿದವನು ನಾನೇ.

ಕೆಲಸವಿಲ್ಲದ ಘಟಕವನ್ನು ಅದಕ್ಕೆ ಮುಂಚೆ ನಾನು ನೋಡಿರಲಿಲ್ಲ. ಕೋಟೆಯ ಗುಡ್ಡದ ನೆರಳು ಮಧ್ಯಾಹ್ನವಾದ ಮೇಲೆ ತಗಡಿನ ಮೇಲೆ ಬೀಳುತ್ತಿತ್ತು, ಬಿಸಿಲಿಗೆ ಕಾದಿದ್ದ ತಗಡು ಆಗ ಒಂದೊಂದೇ ಟಕ್ ಟಕ್ ಎನ್ನುತ್ತಿತ್ತು. ಮಷಿನುಗಳ ಮೇಲೆ ಬಿಳಿ ಬಟ್ಟೆ ಹೊದಿಸಿದ್ದೆವು. ಹೊಲಿದ ಪ್ಯಾಂಟುಗಳು ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದವು, ಸೊಂಟದ ಮೇಲೆ ಯಾರೂ ಇಲ್ಲದ ಕಾಲುಗಳು. ಗಾಳಿ ಬಂದರೆ ಒಟ್ಟಿಗೆ ಒಂದು ಹೆಜ್ಜೆ ಮುಂದಿಟ್ಟು ನಿಲ್ಲುತ್ತಿದ್ದವು. ಅವಳು ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದಳು. ಒಗೆಯದ ಜೀನ್ಸ್ ಬಟ್ಟೆಯ ಥಾನುಗಳೇ ಅವಳ ಹಾಸಿಗೆ. ಆ ಬಟ್ಟೆ ಬಣ್ಣ ಬಿಡುತ್ತದೆ. ಅವಳ ಅಂಗೈ, ಕೆನ್ನೆ, ಕುತ್ತಿಗೆ ನೀಲಿಯಾದವು. ನಮ್ಮೆಲ್ಲರ ಕೈಯೂ ಹಾಗೇ ಇರುವುದರಿಂದ ನನ್ನ ಕಣ್ಣಿಗೆ ಅದು ಬೀಳಲೇ ಇಲ್ಲ.

ಅಡಿಗೆಗೆ, ಜೊತೆಗಿರುವುದಕ್ಕೆ, ದಾರ ಕತ್ತರಿಸುವ ಕೆಲಸದ ಒಬ್ಬ ಹೆಂಗಸನ್ನು ಇಟ್ಟಿದ್ದೆವು. ರಾಯದುರ್ಗದವಳೇ, ಸೊಸೆಯ ವಯಸ್ಸಿನವಳೇ, ಬಾಯಿ ಜೋರು.

ಕೂಟದ ಎರಡು ಪಕ್ಷದ ಹಿರಿಯರು ದಿನವೂ ಕಾರಿನಲ್ಲಿ ಬಂದು ಕಟಿಂಗ್ ಮೇಜಿನ ಸುತ್ತ ಕೂರುತ್ತಿದ್ದರು. ತೆಲುಗಿನಲ್ಲಿ ವಾದ. ಮೊದಲ ಅರ್ಧ ಅವಧಿ ನಮಗೆ ಎಂದು ಒಬ್ಬರು, ನಮಗೇ ಎಂದು ಇನ್ನೊಬ್ಬರು. ಗುರುತು ಹಾಕುವ ಸೀಮೆಸುಣ್ಣದಿಂದ ಮೇಜಿನ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುತ್ತಿದ್ದರು. ಚಹಾ ತಂದ ಅಡಿಗೆಯವಳು ನನ್ನ ಕಿವಿಯ ಹತ್ತಿರ, "ದಿನಾ ಅರಿವಿ ಕತ್ತರಿಸೋ ಮೇಜು, ಇವತ್ತು ಮಂಡಲ ಕತ್ತರಿಸಾಕ ಹತ್ಯಾರ ನೋಡ್ರಿ ಮೇಸ್ತ್ರಿ" ಎಂದಳು. ಉಪಾಧ್ಯಕ್ಷ ಸ್ಥಾನ ಸೊಸೆಗೆ ಎಂದು ಮಾತ್ರ ಇಬ್ಬರೂ ಒಪ್ಪಿದ್ದರು. ಅವಳನ್ನು ಕೇಳಿರಲಿಲ್ಲ. ನಾನು ಹೋಗಿ ಹೇಳಿದೆ.

"ನಂಗ್ಯಾಕ್ ಮಾವ ಅದು? ಅತ್ತೆಗೆ ಉಣ್ಣಾಕಿಕ್ಕೋರಿಲ್ಲ. ನನ್ನ ಊರಿಗೆ ಬಿಟ್ಬಿಡು. ಯಾರಿಗೆ ಕೈ ಎತ್ತು ಅಂತೀಯೋ ಅವ್ರಿಗೇ ಎತ್ತುತೀನಿ."

ಅದನ್ನು ಮೇಜಿನ ಬಳಿ ಹೇಳಿದಾಗ ಮಾಲೀಕರು ನಕ್ಕರು. "ಊರಿಗೆ ಹೋದ ಕೈ ನಮ್ದಾಗಿ ಉಳಿಯೋದಿಲ್ರಿ ಮೇಸ್ತ್ರಿ."

ಆಯ್ಕೆಗೆ ಹಿಂದಿನ ದಿನ ನನ್ನ ಫೋನಿಗೆ ಊರಿನಿಂದ ಕರೆ ಬಂತು. ಎದುರು ಪಕ್ಷದವರು ಅಕ್ಕನ ಮನೆಯಲ್ಲಿ ಕೂತಿದ್ದರು. ನಿನ್ನ ಸೊಸೆಯನ್ನು ಏನೋ ಮಾಡಿಬಿಟ್ಟಿದ್ದಾರೆ, ಠಾಣೆಗೆ ನಡೆ, ಕಂಪ್ಲೇಂಟ್ ಕೊಡು ಎಂದು ಅವಳನ್ನು ಎಬ್ಬಿಸುತ್ತಿದ್ದರು. ಅಕ್ಕ ಫೋನು ತೆಗೆದುಕೊಂಡು, "ಅವ್ಳ ದನಿ ಒಂದ್ಸಲ ಕೇಳಿಸ್ಬಿಡು ತಮ್ಮಾ. ಕೇಳಿಸಿದ್ರೆ ನಾನೆಲ್ಲೂ ಹೋಗಾಕಿಲ್ಲ" ಎಂದಳು.

ಒಂದು ನಿಮಿಷದಲ್ಲಿ ಕರೆ ಮಾಡಿಸುತ್ತೇನೆ ಎಂದು ಇಟ್ಟೆ. ಸೊಸೆಗೆ ಫೋನು ಕೊಡಬೇಡ ಎಂದರು ಮಾಲೀಕರು. ಅತ್ತೆಯ ದನಿ ಕೇಳಿದರೆ ಇವಳು ಎದ್ದು ಹೊರಡುತ್ತಾಳೆ, ಎಲ್ಲಿದ್ದೇನೆಂದು ಹೇಳಿಬಿಡುತ್ತಾಳೆ. ಏನಾದರೂ ಮಾಡ್ರಿ ಎಂದು ನನ್ನ ಮುಖ ನೋಡಿದರು. ನಾನು ಅಡಿಗೆಯವಳನ್ನು ಕರೆದೆ.

"ನಾನ್ಯಾಕ್ರಿ ಮಾತಾಡ್ಲಿ? ಆ ಮುದುಕಿಗೆ ತಿಳಿಯೋದಿಲ್ಲೇನ್ರಿ?"

"ಅಳ್ತಾ ಮಾತಾಡು" ಎಂದೆ. "ಅಳುವಾಗ ಎಲ್ಲರ ದನಿಯೂ ಒಂದೇ."

ಆ ಮಾತು ನನ್ನ ಬಾಯಿಗೆ ಎಲ್ಲಿಂದ ಬಂತೋ. ಅಷ್ಟು ವರ್ಷ ರಾಯದುರ್ಗದಲ್ಲಿದ್ದ ನನಗೆ ನನ್ನ ಊರಿನ ಮಾತೂ ಇಲ್ಲಿನ ಮಾತೂ ಒಂದೇ ಆಗಿಹೋಗಿದ್ದವು. ಒಂದರಿಂದ ಇನ್ನೊಂದಕ್ಕೆ ದಾಟುವುದು ನನಗೇ ತಿಳಿಯುತ್ತಿರಲಿಲ್ಲ. ನನಗೆ ಕೇಳಿಸದ ವ್ಯತ್ಯಾಸ ಕಿವಿಯಲ್ಲೇ ಬದುಕುತ್ತಿದ್ದ ಅಕ್ಕನಿಗೆ ಕೇಳಿಸುತ್ತದೆ ಎಂದು ಯೋಚಿಸಲಿಲ್ಲ.

ಅಡಿಗೆಯವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಶುರು ಮಾಡಿದಳು. "ಅತ್ತೀ, ನಾನ್ರಿ. ಆರಾಮ ಅದೀನ್ರಿ. ನಾಳಿ ಬರ್ತೀನಿ. ನೀವು ಯಾಕ ಅಳ್ತೀರಿ, ಊಟ ಮಾಡ್ರಿ."

ಅಕ್ಕ ಬಹಳ ಮೆಲ್ಲಗೆ, ಅಪರಿಚಿತರಿಗೆ ಕೊಡುವ ಮರ್ಯಾದೆಯ ದನಿಯಲ್ಲಿ ಕೇಳಿದಳು.

"ನನ್ನ ಸೊಸೆ ಒಳಗೆ ಕುಂತಿರೋ ತಾಯಿ, ಯಾರವ್ವ ನೀನು?"

ಅಡಿಗೆಯವಳು ಫೋನನ್ನು ನನ್ನ ಕೈಗೆ ತುರುಕಿ ಹಿಂದಕ್ಕೆ ಸರಿದಳು. ಅವಳ ಕಣ್ಣು ಹಗ್ಗದ ಕಡೆ ಹೋಯಿತು. ನಾನೂ ನೋಡಿದೆ. ತೂಗುವ ಪ್ಯಾಂಟುಗಳ ಸಾಲಿನಲ್ಲಿ, ನೆಲಕ್ಕೆ ತಾಕದ ಅಷ್ಟೊಂದು ಕಾಲುಗಳ ನಡುವೆ, ನೆಲದ ಮೇಲೆ ಎರಡು ಪಾದ ನಿಂತಿದ್ದವು. ಸೊಸೆ ಅದರ ಹಿಂದಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ನಾನು ಇಲ್ಲಿದೀನಲ್ಲ ಮಾವ" ಎಂದಳು. "ಅಲ್ಲಿ ಮಾತಾಡ್ದೋಳು ಯಾರು?"

ಸುಮ್ಮನಿರಮ್ಮ ಎಂದೆ. ಕಂಪ್ಲೇಂಟಿನ ಮಾತು ಅಲ್ಲಿಗೇ ನಿಂತಿತು. ಸೊಸೆ ಬದುಕಿದ್ದಾಳೆ, ಆದರೆ ಅವಳೊಳಗೆ ಬೇರೆ ಯಾರೋ ಇದ್ದಾರೆ ಎಂದು ಅಕ್ಕ ಹಟ ಹಿಡಿದಳಂತೆ. ಅದಕ್ಕೆ ಯಾವ ಠಾಣೆಯಲ್ಲೂ ಕಂಪ್ಲೇಂಟ್ ಬರೆದುಕೊಳ್ಳುವುದಿಲ್ಲ.

ಮರುದಿನ ಮಂಡಲ ಕಚೇರಿಯಲ್ಲಿ ಅವಳು ಕೈ ಎತ್ತಿದಳು. ಎತ್ತಿದ ಕೈಗಳಲ್ಲಿ ಅದೊಂದೇ ಮಣಿಕಟ್ಟಿನವರೆಗೆ ನೀಲಿ. ಕೂಟ ಗೆದ್ದಿತು. ಹಾರ ಹಾಕಿದರು. ಹೊಸ ಅಧ್ಯಕ್ಷರ ಜೀಪಿನಲ್ಲೇ ಅವಳನ್ನು ಊರಿಗೆ ಕರೆದುಕೊಂಡು ಹೋದೆ.

ಅಕ್ಕ ಬಾಗಿಲಿಗೆ ಅಡ್ಡವಾಗಿ ಕೂತಿದ್ದಳು. ಸುತ್ತ ಊರಿನ ಜನ, ಎದುರು ಪಕ್ಷದವರೂ ಇದ್ದರು. "ಅತ್ತೆ" ಎಂದು ಸೊಸೆ ಹೆಜ್ಜೆ ಇಟ್ಟ ಕೂಡಲೇ ಅಕ್ಕ, "ನಿಂತ್ಕ ಅಲ್ಲೇ" ಎಂದಳು. ಪಕ್ಕದ ಮನೆಯ ಹೆಂಗಸು, "ಕೈ ನೋಡ್ರಮ್ಮೋ, ನೀಲಿ ತಿರುಗವೆ. ಮುಖಾನೂ ಅಂಗೇ ಆಗೈತೆ" ಎಂದು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡಳು.

"ಜೀನ್ಸ್ ಬಣ್ಣ ಕಣತ್ತೆ ಅದು. ಫೋನಲ್ಲಿ ಮಾತಾಡಿದ್ದು ನಾನಲ್ಲ, ಅಡಿಗೆಯವ್ಳು. ಮಾವನ್ನೇ ಕೇಳು" ಎಂದಳು ಸೊಸೆ.

ಅಕ್ಕ ನಾನಿದ್ದ ಕಡೆಗೆ ಮುಖ ತಿರುಗಿಸಿದಳು. "ತಮ್ಮಾ, ನಿನ್ನ ಮಾತು ಒಂದೇ ಸಾಕು. ನೆನ್ನೆ ಮಾತಾಡಿದ್ದು ಇವ್ಳೇನಾ, ಬೇರೆಯೋಳಾ?"

ಬೇರೆಯವಳು ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸೊಸೆ ಒಳಗೆ ಹೋಗಿ ಒಲೆ ಹಚ್ಚುತ್ತಿದ್ದಳು. ಆದರೆ ಎದುರು ಪಕ್ಷದವರು ಕಿವಿಯೊಡ್ಡಿ ನಿಂತಿದ್ದರು. ಕೂಡಿಹಾಕಿದ್ದಾರೆ, ಮೋಸ ಮಾಡಿದ್ದಾರೆ ಎಂದು ಕೇಸಾಗುತ್ತದೆ, ಕೂಟ ಮುರಿಯುತ್ತದೆ, ಮೊದಲು ಹೊರಬರುವುದು ನನ್ನ ಹೆಸರು. ಹಿಂದೆ ಜೀಪಿನಲ್ಲಿ ಹೊಸ ಅಧ್ಯಕ್ಷರು ಕೆಮ್ಮಿದರು.

"ಇವಳೇ ಅಕ್ಕ" ಎಂದೆ.

ಸೊಸೆ ನನ್ನನ್ನು ನೋಡಿದಳು. ಸಿಟ್ಟು ಇರಲಿಲ್ಲ. ನಾನು ಹೇಳಿದ್ದು ನಿಜವೇನೋ ಎಂದು ತನ್ನನ್ನೇ ಕೇಳಿಕೊಳ್ಳುವ ಹಾಗಿತ್ತು.

ಹೇಮಾವತಿಯ ದಾರಿಯಲ್ಲಿ, ಒಂದು ಬೇವಿನ ಮರದ ಕೆಳಗೆ, ಗಾಳಿ ಬಿಡಿಸುವ ಮುದುಕನೊಬ್ಬ ಕೂರುತ್ತಿದ್ದ. ಆ ವಾರವೇ ಅಕ್ಕ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋದಳು. ನಾನೂ ಹೋದೆ. ಹೋಗಿ ನಿಜ ಹೇಳುತ್ತೇನೆಂದೇ ಹೋದೆ ಎಂದು ಎಷ್ಟೋ ಕಾಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಮೆಣಸಿನಕಾಯಿ ಹೊಗೆ ಹಾಕಿದರು. ಬೇವಿನ ಬರಲಿನಿಂದ ಬೆನ್ನಿಗೆ, ತೋಳಿಗೆ ಹೊಡೆದರು. ಹಾಡುಹಗಲು, ರಸ್ತೆಯಲ್ಲಿ ಬಸ್ಸು ಓಡಾಡುತ್ತಿದ್ದವು. "ಯಾರು ನೀನು? ಎಲ್ಲಿಂದ ಬಂದೆ?" ಎಂದು ಮುದುಕ ಕೇಳುತ್ತಲೇ ಇದ್ದ. ನಾನು ಈ ಮನೆಯ ಸೊಸೆ, ನಾನು ಈ ಮನೆಯ ಸೊಸೆ ಎಂದು ಅವಳು ಹೇಳುತ್ತಲೇ ಇದ್ದಳು. ಪ್ರತಿ ಸಲವೂ ಏಟು ಬೀಳುತ್ತಿತ್ತು. ನಾನು ಮರದ ಇನ್ನೊಂದು ಬದಿಗೆ ಸರಿದು ನಿಂತೆ. ಅಲ್ಲಿಂದ ದನಿ ಮಾತ್ರ ಕೇಳುತ್ತಿತ್ತು.

ಮುದುಕ ಮತ್ತೆ ಕೇಳಿದ. ಆಗ ಬಂದ ಉತ್ತರ ಬೇರೆಯಾಗಿತ್ತು.

"ರಾಯದುರ್ಗದಾಕಿ ಅದೀನ್ರಿ. ಯಾಕ ಹೊಡೀತೀರಿ? ಬಿಡ್ರಿ, ಹೋಗ್ತೀನ್ರಿ."

ಅಡಿಗೆಯವಳ ದನಿ. ಅದೇ ಎಳೆತ, ಅದೇ ಮೂಗಿನ ಸ್ವರ. "ಇದೇ, ಇದೇ ದನಿ" ಎಂದು ಅಕ್ಕ ಅಳತೊಡಗಿದಳು. ಅಷ್ಟು ದಿನ ಅಡಿಗೆಯವಳ ಜೊತೆಗಿದ್ದವಳು, ಏಟು ತಪ್ಪಿಸಿಕೊಳ್ಳಲು ಅವಳಂತೆ ಮಾತಾಡಿರಬೇಕು. ಬೇರೆ ದಾರಿ ಇರಲಿಲ್ಲ. ನಾನು ಹಾಗೆಂದೇ ನಂಬಿದ್ದೇನೆ. ಆದರೂ ಮರದ ಈಚೆ ಬಂದು ಯಾರು ಮಾತಾಡಿದರೆಂದು ನೋಡುವ ಧೈರ್ಯ ಆಗ ನನಗಿರಲಿಲ್ಲ.

ಗಾಳಿ ಬಿಟ್ಟಿತು ಎಂದರು. ಅಕ್ಕನಿಗೆ ಮಾತ್ರ ಅನುಮಾನ ಬಿಡಲಿಲ್ಲ. ಗಾಳಿಯಾದರೆ ಒಂದೇ ಸಲ ಕರೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆ ಇದೆ. ಸೊಸೆ ನೀರಿಗೆ ಹೋಗಿ ಬಂದರೂ, ಹೊಲಕ್ಕೆ ಹೋಗಿ ಬಂದರೂ, ಹೊಸ್ತಿಲಾಚೆ ನಿಂತು ಮೂರು ಸಲ ಅತ್ತೆ ಎಂದು ಕರೆದ ಮೇಲೇ ಒಳಗೆ ಬಿಡುತ್ತಿದ್ದಳು. ಅವಳ ಕೈಯಿಂದ ಉಣ್ಣುವುದನ್ನು ಬಿಟ್ಟಳು. ತಟ್ಟೆಯನ್ನು ನೆಲದ ಮೇಲಿಟ್ಟು ದೂರ ಹೋಗಬೇಕಿತ್ತು. ಕುರಿಗಳೊಂದಿಗೆ ಮರಳಿದ ಅಳಿಯ, "ನಾಯಿ ಅವ್ಳ ಕಾಲು ನೆಕ್ತೈತೆ. ನಾಯಿಗೂ ಗೊತ್ತಾಗಾಕಿಲ್ವೇನವ್ವಾ?" ಎಂದು ಕೇಳಿದನಂತೆ. "ನಾಯಿ ಫೋನಲ್ಲಿ ಕೇಳಿರ್ಲಿಲ್ಲ" ಎಂದಳಂತೆ ಅಕ್ಕ.

ಕೂಟ ಅವಧಿ ಮುಗಿಯುವವರೆಗೆ ನಿಲ್ಲಲಿಲ್ಲ. ಅರ್ಧ ಅವಧಿ ಮುಗಿದರೂ ಕುರ್ಚಿ ಬಿಡಲಿಲ್ಲವೆಂದು ಒಬ್ಬರನ್ನೊಬ್ಬರು ಬೈದುಕೊಂಡು ಬೇರೆಯಾದರು. ಇನ್ನು ನಾನು ಯಾರಿಗೂ ಹೆದರಬೇಕಾಗಿರಲಿಲ್ಲ. ಆದರೂ ಬಾಯಿ ತೆರೆಯಲು ತುಂಬ ತಡವಾಯಿತು. ಅಕ್ಕ ಹಾಸಿಗೆ ಹಿಡಿದ ಮೇಲೆ ಹೋಗಿ, ಅವಳ ಪಕ್ಕ ಕೂತು, ಎಲ್ಲವನ್ನೂ ಹೇಳಿದೆ. ಅಡಿಗೆಯವಳ ವಿಷಯ, ಜೀಪಿನ ವಿಷಯ, ನನ್ನ ಸುಳ್ಳು. ತಪ್ಪಾಯಿತು ಅಕ್ಕ ಎಂದು ಕಾಲು ಹಿಡಿದೆ.

ಅವಳು ಬಹಳ ಹೊತ್ತು ಕೇಳಿಸಿಕೊಂಡಳು. ನನ್ನ ಮಾತಿನ ಅರ್ಥವನ್ನು ಬಿಟ್ಟು ದನಿಯನ್ನಷ್ಟೇ ಆಲಿಸುತ್ತಿದ್ದಾಳೆ ಎಂದು ಆಮೇಲೆ ತಿಳಿಯಿತು. ಕೈ ಚಾಚಿ ನನ್ನ ಮುಖವನ್ನು ಸವರಿದಳು.

"ನನ್ನ ತಮ್ಮ ನಂತಾವ ಸುಳ್ಳೇಳೋನಲ್ಲ" ಎಂದಳು. "ಅವ್ನ ದನೀಲಿ ಬಂದಿರೋನು ನೀನ್ಯಾರಪ್ಪ?"

ಬಾಗಿಲಲ್ಲಿ ಸೊಸೆ ನಿಂತಿದ್ದಳು. ನಾನು ಹೇಳಿದ್ದಷ್ಟನ್ನೂ ಅವಳು ಕೇಳಿರಬೇಕು. ನೀರಿನ ಚೊಂಬನ್ನು ನನ್ನ ಪಕ್ಕದಲ್ಲಿಟ್ಟು, "ಉಂಡ್ಕಂಡು ಹೋಗು ಮಾವ" ಎಂದಳು. ನಾನು ಉಂಡೆ. ಅವಳು ಬಡಿಸಿದಳು. ಊಟದ ನಡುವೆ ಅವಳಿಗೂ ತಪ್ಪಾಯಿತು ಎನ್ನಬಹುದಿತ್ತು. ಸಾರು ಚೆನ್ನಾಗಿದೆ ಎಂದೆ.

ಕೆಲವು ದಿನಗಳಲ್ಲೇ ಅಕ್ಕ ತೀರಿಕೊಂಡಳು. ಕೊನೆಯಲ್ಲಿ ಬಾಯಿಗೆ ನೀರು ಬಿಡಲು ಸೊಸೆ ಹೋದಾಗ ತುಟಿ ಬಿಗಿದುಕೊಂಡಳು. ಅಳಿಯ ಇನ್ನೂ ದಾರಿಯಲ್ಲಿದ್ದ. ಚಮಚ ನನ್ನ ಕೈಗೆ ಬಂತು. ನಾನು ಮಾತಾಡದೆ ಬಿಟ್ಟೆ, ದನಿ ಕೇಳದ್ದರಿಂದಲೋ ಏನೋ ಕುಡಿದಳು. ಸೊಸೆ ಗೋಡೆಗೆ ಒರಗಿ ನನ್ನ ಕೈಯನ್ನೇ ನೋಡುತ್ತಿದ್ದಳು.

ಈಗಲೂ ವರ್ಷಕ್ಕೊಮ್ಮೆಯಾದರೂ ಆ ಮನೆಗೆ ಹೋಗುತ್ತೇನೆ. ಮಾವ ಬಂದ ಎಂದು ಚಾಪೆ ಹಾಸುತ್ತಾಳೆ. ಕುರಿ, ರೇಷ್ಮೆ ಹುಳು, ಮಕ್ಕಳ ಓದು, ಎಲ್ಲ ಮಾತಾಡುತ್ತೇವೆ. ಅಕ್ಕನ ಕ್ಷಮೆ ಕೇಳಿದ್ದೇನೆ, ಕೇಳಿದವನು ನಾನೆಂದು ಅವಳು ನಂಬದಿದ್ದರೂ. ಕೇಳದೆ ಉಳಿದಿರುವುದು ನನ್ನ ಮಾತು ನಂಬಿ ಊರು ಬಿಟ್ಟು ಬಂದವಳ ಕ್ಷಮೆ, ನನ್ನ ಅಕ್ಕನ ಸೊಸೆಯ ಕ್ಷಮೆ.