ಒಂದು ಹೆಚ್ಚಿಗೆ ಹೇಳುತ್ತಿದ್ದ ಕ್ಯಾಮೆರಾ

ಕುದುರೆಮುಖದ ಗಣಿ ನಿಂತು, ಟೌನ್‌ಶಿಪ್ಪಿನಿಂದ ಒಂದೊಂದೇ ಸಂಸಾರ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ಅಲ್ಲಿಯ ಪ್ರೈಮರಿ ಟೀಚರೊಬ್ಬರು ಬಸ್ಸು ಹತ್ತಿ ಮೂಡಿಗೆರೆಯ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಕೈಯಲ್ಲೊಂದು ಅಗ್ಗದ ಡಿಜಿಟಲ್ ಕ್ಯಾಮೆರಾ. ತರಗತಿಯ ಕೊನೆಯ ದಿನ ಅದರಲ್ಲಿ ಮಕ್ಕಳ ಫೋಟೋ ತೆಗೆದಿದ್ದರು. ಮಕ್ಕಳು ಆಗಲೇ ದಿಕ್ಕಾಪಾಲಾಗಿದ್ದರು. ಕ್ಯಾಮೆರಾಕ್ಕೆ ಪರದೆಯಿರಲಿಲ್ಲ, ಹಾಗಾಗಿ ಆ ಫೋಟೋಗಳನ್ನು ಅವರೂ ನೋಡಿರಲಿಲ್ಲ.

ಯುಎಸ್‌ಬಿ ಕೇಬಲ್ ಸಿಕ್ಕಿಸಿದೆ. ಕ್ಯಾಮೆರಾ ಒಮ್ಮೆ ದೀಪ ಮಿಟುಕಿಸಿ ಮೂರ್ಛೆ ಹೋಯಿತು. ಮತ್ತೆ ಸಿಕ್ಕಿಸಿದರೂ ಅದೇ ಕಥೆ.

"ಸೈಬರ್ ಸೆಂಟರಲ್ಲಿ ತೋರಿಸಿದ್ರಾ?"

"ಅಯ್ಯೋ, ಬೇಡ ಮಾರಾಯ್ರೆ. ನಮ್ಮ ಪಕ್ಕದ ಮನೆಯವ್ರ ಮದುವೆ ಫೋಟೋನೆಲ್ಲ ಅಲ್ಲಿ ವೈರಸ್ ತಿಂದು ಹಾಕ್ತು."

ವೈರಸ್ಸಿನ ಕಾಟವೇ ಬೇಡವೆಂದು ನಾನು ಅಂಗಡಿಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದೆ. ಅದರ ಜಂಬವೂ ಇತ್ತು. ಆ ದಿನ ಅದು ಇಳಿಯಿತು.

ರೋಗ ಹುಡುಕಿದೆ. ಕ್ಯಾಮೆರಾದೊಡನೆ ಮಾತಾಡುವ ತಂತ್ರಾಂಶವೇ ಡ್ರೈವರ್. ಫೋಟೋ ತುಂಬಿಡುವ ನಿನ್ನ ಮೆಮೊರಿಯಲ್ಲಿ ಕೊನೆಯ ಖಾನೆಯ ನಂಬರ್ ಎಷ್ಟು ಎಂದು ಅದು ಮೊದಲೇ ಕೇಳುತ್ತದೆ. ಖಾನೆಗಳ ಎಣಿಕೆ ಸೊನ್ನೆಯಿಂದ ಶುರು. ಈ ಕ್ಯಾಮೆರಾ ಕೊನೆಯ ನಂಬರ್ ಬದಲು ಒಟ್ಟು ಎಷ್ಟೆಂದು ಹೇಳುತ್ತಿತ್ತು, ಅಂದರೆ ಒಂದು ಹೆಚ್ಚು. ಇಲ್ಲದ ಆ ಖಾನೆಯನ್ನು ತೋರಿಸೆಂದಾಗ ಕಂಗಾಲಾಗಿ ನಿಂತುಬಿಡುತ್ತಿತ್ತು.

"ದರಿದ್ರದ್ದು, ಎಣಿಸೋಕೂ ಬರಲ್ಲ" ಎಂದು ಬೈದೆ.

"ಬೈಬೇಡಿ. ನನ್ನ ಕ್ಲಾಸಲ್ಲೂ ಅಂಥವ್ರು ಇದ್ರು. ಅವ್ರಿಗೆ ಗೊತ್ತಿರುತ್ತೆ, ಹೇಳೋದು ತಪ್ಪುತ್ತೆ. ನಾವೇ ಸರಿ ಮಾಡ್ಕೊಂಡು ಕೇಳ್ಬೇಕು."

ಡ್ರೈವರ್ ಬರೆಯುವವರ ಪದ್ಧತಿಯೂ ಅದೇ. ಮಾರಾಟವಾದ ಯಂತ್ರವನ್ನು ತಿದ್ದಲಾಗದು. ಈ ಮಾಡೆಲ್ ಹೇಳಿದ್ದರಲ್ಲಿ ಒಂದು ಕಳೆದುಕೋ ಎಂದು ಡ್ರೈವರಿನಲ್ಲೇ ಒಂದು ಸಾಲು ಸೇರಿಸಬೇಕು. ಲೋಕದ ಎಷ್ಟೋ ವಕ್ರ ಯಂತ್ರಗಳಿಗೆ ಯಾರ್ಯಾರೋ ಕೂತು ಹೀಗೆ ಸಾಲು ಬರೆದಿದ್ದಾರೆಂಬುದು ನನಗೆ ಬಹಳ ಇಷ್ಟದ ಸಂಗತಿ. ನಾನೂ ಬರೆದೆ. ಬರೆದದ್ದು ಯಂತ್ರದ ಭಾಷೆಗೆ ಕಂಪೈಲ್ ಆಗುವಾಗ ಕರೆಂಟು ಹೋಯಿತು. ಶಾಪ ಹಾಕುತ್ತ ಕಾದು, ಬಂದ ಮೇಲೆ ಮತ್ತೆ ಮೊದಲಿಂದ ಮಾಡಿದೆ.

ಈ ಸಲ ಕ್ಯಾಮೆರಾ ತೆರೆಯಿತು. ಟೀಚರ್ ಕುರ್ಚಿ ಎಳೆದುಕೊಂಡು ಕೂತು, ಪರದೆಯ ಮೇಲಿನ ಮುಖಗಳನ್ನು ಒಂದೊಂದಾಗಿ ಮುಟ್ಟಿದರು.

"ಇವನು ಬಳ್ಳಾರಿಗೆ ಹೋದ. ಇವಳು ಮಂಗಳೂರು. ಇವರಿಬ್ರು ಒರಿಸ್ಸಾ."

ಎರಡು ಜಡೆಯ ಹುಡುಗಿಯೊಬ್ಬಳ ಮೇಲೆ ಬೆರಳು ನಿಂತಿತು.

"ಇವಳಪ್ಪ ಕಂಟ್ರಾಕ್ಟ್ ಕೆಲಸದವ್ರು. ಎಲ್ಲಿಗೆ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ. ಹೋಗೋ ದಿನ ನನ್ನ ಫೋಟೋ ಕೊಡಿ ಟೀಚರ್ ಅಂದಿದ್ಲು."

ನಾನು ಪ್ರಿಂಟರ್ ಆನ್ ಮಾಡಿದೆ.

"ಇವಳ್ದು ಎರಡು ಪ್ರಿಂಟ್ ಕೊಡಿ" ಎಂದರು. "ಒಂದು ನಂಗೆ. ಇನ್ನೊಂದು ಅವಳು ಬಂದ್ರೆ ಕೊಡೋಕೆ."